ಓದುಗರ ಪ್ರಶ್ನೆ: ‘ಸ್ವಮತ’ ಕೇಳಿದಾಗ ಪಾಠದ ನೀತಿಯನ್ನು ಬರೆದರೆ ಸಾಲದೆ?

ಪ್ರಶ್ನೆ: ನನ್ನ ಮಗಳು ಮುಂಬೈಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಪಾಠ ಮುಗಿದ ಮೇಲೆ, ಇಂದಿನ ಸಂದರ್ಭಕ್ಕೂ ನಿನ್ನ ಅನುಭವಕ್ಕೂ ಹೊಂದಿಸಿ ಸ್ವಮತ ಬರೆದುಕೊಂಡು ಬಾ ಎನ್ನುತ್ತಾರೆ. ಅವಳಿಂದ ಏನನ್ನು ಬರೆಸಬೇಕು? ಗೈಡಿನಲ್ಲಿ ಕೊಟ್ಟಿರುವ ನೀತಿಯನ್ನು ಬರೆದರೆ ಸಾಲದೆ?

ಉತ್ತರ: ಸಾಲದು. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಒಮ್ಮೆ, ದೀಪಾವಳಿ ರಜೆಗೆ ಮುಂಚಿನ ಪರೀಕ್ಷೆಯ ಹೊತ್ತಿಗೆ ಇನ್ನೊಮ್ಮೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಧಾರಾವಿಯವರೂ ಡೊಂಬಿವಲಿಯವರೂ ಇದನ್ನು ಹೆಚ್ಚುಕಡಿಮೆ ಇವೇ ಮಾತುಗಳಲ್ಲಿ ಕೇಳುತ್ತಾರೆ, ಉತ್ತರವನ್ನು ಓದಿ ತಲೆದೂಗುತ್ತಾರೆ, ಆಮೇಲೆ ಹೋಗಿ ಗೈಡನ್ನೇ ಕೊಂಡುಕೊಳ್ಳುತ್ತಾರೆ. ಮಹಾರಾಷ್ಟ್ರ ಶಿಕ್ಷಣ ಮಂಡಳಿಯ ಕೃತಿಪತ್ರಿಕೆಯಲ್ಲಿ, ಅಂದರೆ ಚಟುವಟಿಕೆಯ ರೂಪದ ಪ್ರಶ್ನೆಪತ್ರಿಕೆಯಲ್ಲಿ, ಸ್ವಮತದ ಪ್ರಶ್ನೆಯನ್ನು ಇಟ್ಟಿರುವುದೇ ಗೈಡಿನಲ್ಲಿ ಸಿಗದ ಉತ್ತರಕ್ಕಾಗಿ. ಪಾಠದ ಒಂದು ಪಾತ್ರವನ್ನೋ ಒಂದು ಮಾತನ್ನೋ ಹಿಡಿದುಕೊಂಡು, ತಾನು ಕಂಡದ್ದನ್ನು ಅಥವಾ ಪತ್ರಿಕೆಯಲ್ಲಿ ಓದಿದ್ದನ್ನು ಅದರ ಪಕ್ಕದಲ್ಲಿಟ್ಟು, ಎರಡೂ ಎಲ್ಲಿ ಹೊಂದುತ್ತವೆ, ಎಲ್ಲಿ ಹೊಂದುವುದಿಲ್ಲ ಎಂಬುದನ್ನು ಮಗು ನಾಲ್ಕಾರು ವಾಕ್ಯಗಳಲ್ಲಿ ಹೇಳಿದರೆ ಉತ್ತರವಾಯಿತು. ಹೊಂದುವುದಿಲ್ಲ ಎಂದು ಹೇಳುವ ಹಕ್ಕು ಮಗುವಿಗೆ ಉಂಟು ಎಂಬುದನ್ನು ಮಾತ್ರ ಪಾಲಕರು ಸುಲಭವಾಗಿ ಒಪ್ಪುವುದಿಲ್ಲ.

ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ಪ್ರಶ್ನೆಯ ಕೊನೆಯ ವಾಕ್ಯದಲ್ಲಿ ಅಲ್ಲಾಡಿಸಲಾಗದ ಒಂದು ನಂಬಿಕೆ ಕುಳಿತಿದೆ. ಪ್ರತಿಯೊಂದು ಪಾಠಕ್ಕೂ ಒಂದೇ ಒಂದು ನೀತಿ ಇರುತ್ತದೆ, ಅದನ್ನು ಹುಡುಕಿ ‘ಈ ಪಾಠದಿಂದ ನಾವು ತಿಳಿಯುವುದೇನೆಂದರೆ’ ಎಂದು ಆರಂಭಿಸಿ ಬರೆದುಬಿಟ್ಟರೆ ಪಾಠವನ್ನು ಬದುಕಿಗೆ ಜೋಡಿಸಿದಂತಾಯಿತು ಎಂಬುದೇ ಆ ನಂಬಿಕೆ. ಇದು ಬರಿಯ ಸೋಮಾರಿತನವಾಗಿದ್ದರೆ ಸುಮ್ಮನಿರಬಹುದಿತ್ತು. ಕೆಲವು ಮಕ್ಕಳ ಪಾಲಿಗೆ ಇದರಿಂದ ಕೇಡೇ ಆಗುತ್ತದೆ.

ಪಠ್ಯದಲ್ಲಿ ಇರಲಿ ಇಲ್ಲದಿರಲಿ, ಮನೆಯಲ್ಲಿಯೇ ಕಲಿತಿರುವ ಗೋವಿನ ಹಾಡನ್ನೇ ತೆಗೆದುಕೊಳ್ಳಿ. ಹಸಿದ ಹುಲಿ ಅಡ್ಡಗಟ್ಟುತ್ತದೆ, ಕರುವಿಗೆ ಹಾಲುಣಿಸಿ ಬರುತ್ತೇನೆಂದು ಪುಣ್ಯಕೋಟಿ ಮಾತು ಕೊಟ್ಟು ಹೋಗುತ್ತಾಳೆ, ಕೊಟ್ಟ ಮಾತಿನಂತೆ ಮರಳುತ್ತಾಳೆ, ಹುಲಿ ನಾಚಿ ತಾನೇ ಪ್ರಾಣ ಬಿಡುತ್ತದೆ. ನೀತಿ ಏನೆಂದು ಕೇಳಿದರೆ ಇಡೀ ತರಗತಿ ‘ಸತ್ಯ’ ಎಂದು ಒಕ್ಕೊರಲಿನಿಂದ ಕೂಗುತ್ತದೆ. ಈಗ ಅದೇ ತರಗತಿಯ ಹಿಂದಿನ ಬೆಂಚಿನಲ್ಲಿ, ದಿನವೂ ಡಬ್ಬಿ ಕಸಿದುಕೊಳ್ಳುವ, ದಪ್ತರವನ್ನು (ಪುಸ್ತಕದ ಚೀಲವನ್ನು) ಕಿಟಕಿಯಿಂದ ಎಸೆಯುವ ಹುಡುಗರ ಕಾಟವನ್ನು ಸಹಿಸುತ್ತಿರುವ ಒಬ್ಬ ಹುಡುಗನಿದ್ದಾನೆ ಎಂದುಕೊಳ್ಳಿ. ಈ ನೀತಿ ಅವನಿಗೆ ಏನನ್ನು ಹೇಳಿದಂತಾಯಿತು? ನೀನು ಒಳ್ಳೆಯವನಾಗಿ ಹುಲಿಯ ಮುಂದೆ ಮತ್ತೆ ಹೋಗಿ ನಿಲ್ಲು, ಎಂದಾದರೊಂದು ದಿನ ಅದಕ್ಕೇ ನಾಚಿಕೆಯಾದೀತು ಎಂದು ಹೇಳಿದಂತಾಯಿತು. ಶಾಲೆಯ ಹುಲಿಗಳು ನಾಚಿಕೊಂಡು ಪ್ರಾಣ ಬಿಡುವುದಿಲ್ಲ. ಮರುದಿನ ಇನ್ನೊಬ್ಬನನ್ನು ಜೊತೆಗೆ ಕರೆದುಕೊಂಡು ಬರುತ್ತವೆ. ಆ ಹುಡುಗ ‘ಪುಣ್ಯಕೋಟಿ ಮರಳಿ ಹೋಗಬಾರದಿತ್ತು’ ಎಂದು ಸ್ವಮತ ಬರೆದರೆ ಅದು ಹಾಡಿಗೆ ಮಾಡಿದ ಅಪಚಾರವಲ್ಲ. ಅವನು ಹಾಡನ್ನು ಉಳಿದವರಿಗಿಂತ ಗಮನವಿಟ್ಟು ಕೇಳಿದ್ದಾನೆ ಎಂದೇ ಅರ್ಥ.

ಹಾಡಿನಲ್ಲಿಯೇ ಈ ವಿಷಯಕ್ಕೆ ಇನ್ನೂ ಹತ್ತಿರವಾದ ಜಾಗವೊಂದಿದೆ. ನೀತಿಯ ಬೆನ್ನುಹತ್ತಿ ಓಡುವವರು ಅದನ್ನು ದಾಟಿಕೊಂಡು ಹೋಗುತ್ತಾರೆ. ಹುಲಿಯ ಬಳಿಗೆ ಹೊರಡುವ ಮುನ್ನ ಪುಣ್ಯಕೋಟಿ ದೊಡ್ಡಿಯ ಉಳಿದ ಹಸುಗಳನ್ನು ಕರೆದು, ತಬ್ಬಲಿಯಾಗುವ ಈ ಕರು ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ, ನಿಮ್ಮ ಮಗುವೆಂದೇ ಕಾಣಿರಿ ಎಂದು ಬೇಡಿಕೊಳ್ಳುತ್ತಾಳೆ. ಅಪಾಯವಿರುವುದು ಕಾಡಿನಲ್ಲಿ ಮಾತ್ರವಲ್ಲ, ತಮ್ಮವರಿಂದಲೇ ತುಂಬಿರುವ ದೊಡ್ಡಿಯಲ್ಲಿ ದಿಕ್ಕಿಲ್ಲದ ಕರುವಿಗೆ ಒದೆತ ಬಿದ್ದೇ ಬೀಳುತ್ತದೆ ಎಂಬುದು ಆ ತಾಯಿಗೆ ಗೊತ್ತು. ಪೀಡಿಸುವವನೊಬ್ಬ, ಪೀಡನೆಗೆ ಒಳಗಾದವನೊಬ್ಬ ಎಂದು ನಾವು ಲೆಕ್ಕ ಹಾಕುತ್ತೇವೆ. ನಡುವೆ ನಿಂತು ನೋಡುವ, ನಗುವ, ಆಮೇಲೆ ತಾನೂ ಒಂದು ಒದೆ ಕೊಡುವ ನಲವತ್ತು ಮಂದಿಯನ್ನು ಲೆಕ್ಕದಿಂದ ಬಿಟ್ಟುಬಿಡುತ್ತೇವೆ. ಹಾಡು ಮಾತನಾಡುವುದು ಅವರ ಜೊತೆಗೆ. ಬಹುತೇಕ ಮಕ್ಕಳು ಇರುವುದೂ ಅವರ ನಡುವೆಯೇ ಆದ್ದರಿಂದ, ‘ಇಲ್ಲಿ ನೀನು ಯಾರು?’ ಎಂದು ಕೇಳಿದರೆ ಪ್ರಾಮಾಣಿಕವಾದ ಉತ್ತರ ಬರುವುದು ಹುಲಿಯಿಂದಲೂ ಅಲ್ಲ, ಪುಣ್ಯಕೋಟಿಯಿಂದಲೂ ಅಲ್ಲ, ದೊಡ್ಡಿಯ ಹಸುಗಳಿಂದ.

ನಮ್ಮ ದೊಡ್ಡಿಯೂ ಪ್ರತ್ಯೇಕವೇನಲ್ಲ. ಮೈದಾನದಲ್ಲಿ ಬೇರೆಯವರು ‘ಮದ್ರಾಸಿ’ ಎಂದು ಕೂಗಿದರೆ ಕುದಿಯುವ ನಮ್ಮ ಮಕ್ಕಳೇ, ಕಲಬುರಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗ ತರಗತಿಯಲ್ಲಿ ಎದ್ದು ನಿಂತು ಓದಿದಾಗ ಅವನ ಮಾತಿನ ಧಾಟಿಯನ್ನು ಅಣಕಿಸಿ ನಗುತ್ತಾರೆ. ಕೇಳಿದರೆ ‘ಮಸ್ತಿ ಮಾಡಿದೆವು, ಅಷ್ಟೇ’ ಎನ್ನುತ್ತಾರೆ. ಮನೆಯಲ್ಲಿ ದೊಡ್ಡವರು ಅದೇ ಧಾಟಿಯನ್ನು ಅಣಕಿಸಿ ನಕ್ಕಿರುವುದನ್ನು ಕೇಳಿರದಿದ್ದರೆ ಅವರಿಗೆ ಇದು ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಕರ್ಣನ ಪಾಠ ಬಂದಾಗಲೂ ಇದೇ ಕಥೆ. ಮಳೆಗಾಲದಲ್ಲಿ ಊರಿನಿಂದ ಬರುವ ತಂಡಗಳ ಯಕ್ಷಗಾನ, ತಾಳಮದ್ದಳೆಗಳಿಂದಾಗಿ ಮುಂಬೈಯ ನಮ್ಮ ಎಷ್ಟೋ ಮಕ್ಕಳಿಗೆ ಕರ್ಣ ಪಠ್ಯಕ್ಕಿಂತ ಮೊದಲೇ ಪರಿಚಿತ. ನೋಟ್‌ಬುಕ್ಕಿನಲ್ಲಿ ಮಾತ್ರ ಅವನು ‘ದಾನಶೂರ’ ಎಂಬ ಒಂದು ಪದಕ್ಕೆ ಇಳಿದುಹೋಗುತ್ತಾನೆ. ತುಂಬಿದ ರಂಗದಲ್ಲಿ ಕೃಪನು ಕುಲವನ್ನು ಕೇಳುತ್ತಾನೆ, ಭೀಮನು ಚಾವಟಿ ಹಿಡಿಯಲು ಹೋಗು ಎಂದು ಹಂಗಿಸುತ್ತಾನೆ, ಆ ಹೊತ್ತಿಗೆ ಪಕ್ಕದಲ್ಲಿ ನಿಂತವನು ದುರ್ಯೋಧನನೊಬ್ಬನೇ. ಅವಮಾನಕ್ಕೊಳಗಾದ ಮಗು ಯಾವ ಗುಂಪಿಗೆ ಸೇರಿಕೊಳ್ಳುತ್ತದೆ, ಏಕೆ ಸೇರಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಅದೇ ಕರ್ಣನೇ ಮುಂದೆ ದ್ಯೂತಸಭೆಯಲ್ಲಿ ದ್ರೌಪದಿಯನ್ನು ಎಲ್ಲರೆದುರು ಹೀನಾಯವಾಗಿ ಆಡಿಕೊಳ್ಳುತ್ತಾನೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡುವ ಶಕ್ತಿ ಎಂಟನೆಯ ತರಗತಿಯ ಮಕ್ಕಳಿಗೆ ಖಂಡಿತವಾಗಿ ಇದೆ. ಅವಕಾಶ ಕೊಟ್ಟಾಗ ಅವರು ಬರೆಯುವುದನ್ನು ಓದಿದರೆ ಮೇಷ್ಟರಾದವರಿಗೆ ಹೆಮ್ಮೆಯಾಗುತ್ತದೆ.

ಇನ್ನು ‘ಇಂದಿನ ಸಂದರ್ಭ’. ಅದೆಂದರೆ ಪತ್ರಿಕೆಯ ತುಣುಕನ್ನು ಕತ್ತರಿಸಿ ಅಂಟಿಸುವುದಲ್ಲ. 2025ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ಸರಕಾರ ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಹಿಂದಿಯನ್ನು ಮೂರನೆಯ ಭಾಷೆಯನ್ನಾಗಿ ಮಾಡಲು ಹೊರಟಿತು. ವಿರೋಧ ಬಲವಾದ ಮೇಲೆ ಜೂನ್ 29ರಂದು ಆದೇಶವನ್ನು ಹಿಂದಕ್ಕೆ ಪಡೆಯಿತು. ಭಾಷೆಯ ಮೇಲಿನ ಯಾವುದೇ ಪದ್ಯವನ್ನು ಓದುವಾಗ, ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಮೊದಲಿನಿಂದ ಕಲಿಯುತ್ತ ಬಂದಿರುವ ನಿಮ್ಮ ಮಗಳು ಆ ಚರ್ಚೆಯ ಬಗ್ಗೆ ಹೇಳಬಹುದಾದ ಮಾತನ್ನು ಯಾವ ಗೈಡೂ ಬರೆದುಕೊಡಲಾರದು. ಅದು ಭಾರವಾಯಿತೋ ಹಗುರವಾಯಿತೋ, ಅವಳಿಗೇ ಗೊತ್ತು.

ಯಾರೂ ಕೇಳದ ಒಂದು ಪ್ರಶ್ನೆಯನ್ನು ನಾನೇ ಎತ್ತಿಕೊಳ್ಳುತ್ತೇನೆ. ನಾವು ಕೇಳಿದಂತೆಯೇ ಮಗು ನಿಜವನ್ನು ಬರೆದುಬಿಟ್ಟರೆ, ದಿನವೂ ಬಿಡುವಿನ ಹೊತ್ತಿನಲ್ಲಿ ತನಗೆ ಏನಾಗುತ್ತಿದೆ ಎಂಬುದನ್ನು ಸ್ವಮತದ ಉತ್ತರದಲ್ಲಿ ಹೇಳಿಬಿಟ್ಟರೆ, ಮುಂದೇನು? ಒತ್ತಕ್ಷರದ ತಪ್ಪಿಗೆ ಕೆಂಪು ಗೆರೆ ಎಳೆದು, ಕೆಳಗೆ ‘ಉತ್ತಮ’ ಎಂದು ಬರೆದು ಸಹಿ ಮಾಡಿದ ಪುಟಗಳು ಇವೆ. ಚೆನ್ನಾಗಿ ಬರೆದಿದ್ದಾನೆಂದು ತರಗತಿಗೆಲ್ಲ ಓದಿ ಹೇಳುವುದು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಕಾಟ ಕೊಡುವವರೂ ಅಲ್ಲಿಯೇ ಕುಳಿತಿರುತ್ತಾರೆ. ಅಂಥ ಪುಟ ಕಂಡರೆ ಶಿಕ್ಷಕರು ಅಂದೇ, ಮಗುವಿನ ಜೊತೆ ಒಂಟಿಯಾಗಿ ಮಾತನಾಡಬೇಕು. ಪಾಲಕರ ಕಣ್ಣಿಗೆ ಬಿದ್ದರೆ ಅವರು ನೋಟ್‌ಬುಕ್ಕನ್ನು ಹಿಡಿದು ನೇರವಾಗಿ ಕಾಟ ಕೊಡುವ ಹುಡುಗನ ಮನೆಗೆ ನುಗ್ಗದೆ ಮುಖ್ಯ ಶಿಕ್ಷಕರ ಬಳಿಗೆ ಹೋಗಬೇಕು. ಶಾಲೆಗಳಲ್ಲಿ ಮಕ್ಕಳ ಸುರಕ್ಷತೆಯನ್ನು ನೋಡಿಕೊಳ್ಳುವ ಸಖಿ ಸಾವಿತ್ರಿ ಸಮಿತಿ ಇರಬೇಕೆಂದು ರಾಜ್ಯ ಸರಕಾರವೇ 2022ರಲ್ಲಿ ಆದೇಶ ಹೊರಡಿಸಿದೆ. ನಿಮ್ಮ ಶಾಲೆಯಲ್ಲಿ ಅದರ ಸದಸ್ಯರು ಯಾರೆಂದು ಕೇಳಿ. ಕಾಟ ಕೊಡುತ್ತಿರುವುದು ಶಿಕ್ಷಕರೇ ಆಗಿದ್ದರೆ, 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಕರೆ ಮಾಡಬಹುದು.

ತನ್ನ ಕಷ್ಟವನ್ನು ಬರೆಯಲು ಒಲ್ಲದ ಮಗುವನ್ನು ಒತ್ತಾಯಿಸಬೇಡಿ. ಸ್ವಮತವೆಂದರೆ ತಪ್ಪೊಪ್ಪಿಗೆಯಲ್ಲ, ಅನುಭವ ಯಾರದ್ದೆಂದು ಪರೀಕ್ಷಕರು ವಿಚಾರಣೆಯನ್ನೂ ನಡೆಸುವುದಿಲ್ಲ. ‘ನಮ್ಮ ತರಗತಿಯಲ್ಲಿ ಒಬ್ಬನಿದ್ದಾನೆ’ ಎಂದು ಹೆಸರಿಲ್ಲದೆ ಆರಂಭಿಸಬಹುದು, ದೊಡ್ಡಿಯ ಹಸುವೊಂದರ ಬಾಯಿಂದಲೂ ಹೇಳಿಸಬಹುದು. ಪಾಠದ ಯಾವ ಮಾತಿನಿಂದ ಅಲ್ಲಿಗೆ ಬಂದೆ ಎಂಬುದನ್ನು ಒಂದು ವಾಕ್ಯದಲ್ಲಿ ಸ್ಪಷ್ಟವಾಗಿ ತೋರಿಸಿದ್ದರೆ ಆಯಿತು.