ಉಂಗುರದ ವಜ್ರ: ದೊಡ್ಡ ಕಲ್ಲಾ, ಶುದ್ಧ ಕಲ್ಲಾ?

ಪ್ರಶ್ನೆ: ನಿಶ್ಚಿತಾರ್ಥದ ಉಂಗುರಕ್ಕೆ ವಜ್ರ ನೋಡುತ್ತಿದ್ದೇನೆ. ಹೆಚ್ಚುಕಡಿಮೆ ಒಂದೇ ಬೆಲೆಗೆ ಎರಡು ಕಲ್ಲು ಸಿಕ್ಕಿವೆ. ಒಂದು ದೊಡ್ಡದು, ಆದರೆ ಒಳಗೆ ಸಣ್ಣ ಚುಕ್ಕೆ ಇದೆಯಂತೆ. ಇನ್ನೊಂದು ಚಿಕ್ಕದು, ಆದರೆ ತುಂಬಾ ಶುದ್ಧವಂತೆ. ಯಾವುದು ತಗೊಳ್ಳಲಿ?

ಗಾತ್ರ, ಚುಕ್ಕೆ ಎರಡರ ಬಗ್ಗೆಯೂ ಹೇಳಿದ್ದೀರಿ, ಕಟ್ ಬಗ್ಗೆ ಒಂದು ಮಾತೂ ಇಲ್ಲ. ನಾನಾದರೆ ಅದನ್ನೇ ಮೊದಲು ಕೇಳುತ್ತಿದ್ದೆ. ವಜ್ರ ಮಿಂಚುವುದು ಅದರ ತೂಕದಿಂದಲ್ಲ, ಶುದ್ಧತೆಯಿಂದಲೂ ಅಷ್ಟಾಗಿ ಅಲ್ಲ, ಅದಕ್ಕೆ ಸಾಣೆ ಹಿಡಿದ ರೀತಿಯಿಂದ. ಮೇಲಿನಿಂದ ಒಳಗೆ ಹೋದ ಬೆಳಕು ಕೆಳಗಿನ ಮುಖಗಳಿಗೆ ಬಡಿದು ಮತ್ತೆ ಮೇಲಕ್ಕೇ ಬರಬೇಕು. ಕಲ್ಲು ತೀರಾ ಚಪ್ಪಟೆಯಾದರೆ ಬೆಳಕು ತಳದಿಂದ ಸೋರಿಹೋಗುತ್ತದೆ, ತೀರಾ ಆಳವಾದರೆ ನಡುವೆ ಕಪ್ಪು ಕಾಣುತ್ತದೆ. ಮಾರ್ಸೆಲ್ ಟೋಲ್ಕೋವ್‌ಸ್ಕಿ ಎಂಬಾತ 1919ರಲ್ಲೇ ಈ ಕೋನಗಳ ಲೆಕ್ಕ ಹಾಕಿಟ್ಟಿದ್ದಾನೆ. ಈಗಿನ ಗುಂಡು ವಜ್ರದ 57 ಮುಖಗಳ ಹಿಂದೆ ಇರುವುದು ಹೆಚ್ಚುಕಡಿಮೆ ಅದೇ ಲೆಕ್ಕ.

ವಜ್ರ ಪರೀಕ್ಷಿಸಿ ರಿಪೋರ್ಟ್ ಕೊಡುವ ಜಿಐಎ ಸಂಸ್ಥೆ 2006ರಿಂದ ಗುಂಡು ವಜ್ರಗಳ ರಿಪೋರ್ಟ್‌ನಲ್ಲಿ ಕಟ್‌ಗೂ ದರ್ಜೆ ಕೊಡುತ್ತಿದೆ. ಅಲ್ಲಿ 'ಎಕ್ಸಲೆಂಟ್' ಎಂದಿದ್ದರೆ ಒಳ್ಳೆಯದು, ಆದರೆ ಅಷ್ಟಕ್ಕೇ ನಿಲ್ಲಬೇಡಿ, ಆ ದರ್ಜೆಯೊಳಗೂ ಹೆಚ್ಚುಕಡಿಮೆ ಇರುತ್ತದೆ. ಪಕ್ಕದಲ್ಲೇ ಕಲ್ಲಿನ ಅಗಲದ ಲೆಕ್ಕದಲ್ಲಿ ಎರಡು ಶೇಕಡಾ ಅಂಕಿಗಳಿರುತ್ತವೆ. ಗುಂಡು ವಜ್ರದಲ್ಲಿ ಟೇಬಲ್, ಅಂದರೆ ಮೇಲಿನ ಚಪ್ಪಟೆ ಮುಖ, 54ರಿಂದ 58ರೊಳಗೆ, ಆಳ 60ರಿಂದ 62.5ರೊಳಗೆ ಇದ್ದರೆ ಸಾಮಾನ್ಯವಾಗಿ ನಿಶ್ಚಿಂತೆ. ಓವಲ್, ಪಿಯರ್ ಆಕಾರಗಳಿಗೆ ಅಂಕಿ ನೋಡಿ ಜಾಸ್ತಿ ಉಪಯೋಗವಿಲ್ಲ, ಕಣ್ಣಾರೆ ನೋಡಲೇಬೇಕು. ಇವುಗಳ ನಡುವೆ ಅಡ್ಡಕ್ಕೆ ಬೋ ಟೈ ಥರ ಒಂದು ಕಪ್ಪು ನೆರಳು ಬರುತ್ತದೆ. ಸ್ವಲ್ಪ ಇದ್ದರೆ ಪರವಾಗಿಲ್ಲ. ಉಂಗುರ ಹೇಗೆ ತಿರುಗಿಸಿದರೂ ಹೋಗದಿದ್ದರೆ ಆ ಕಲ್ಲು ಬೇಡ.

ಇನ್ನು 'ದೊಡ್ಡದು' ಅಂದರೇನು ಅಂತ ನೋಡೋಣ. ಕ್ಯಾರೆಟ್ ಅನ್ನುವುದು ತೂಕ, ಅಳತೆ ಅಲ್ಲ. ಒಂದು ಕ್ಯಾರೆಟ್ ಅಂದರೆ 200 ಮಿಲಿಗ್ರಾಂ, ಅದರಲ್ಲಿ 100 ಸೆಂಟ್. ಚೆನ್ನಾಗಿ ಕಟ್ ಮಾಡಿದ ಒಂದು ಕ್ಯಾರೆಟ್ ಗುಂಡು ವಜ್ರ ಸುಮಾರು 6.5 ಮಿಲಿಮೀಟರ್ ಅಗಲ ಇರುತ್ತದೆ, 90 ಸೆಂಟಿನದ್ದು ಸುಮಾರು 6.2. ಈ ವ್ಯತ್ಯಾಸ ಬೆರಳ ಮೇಲೆ ಯಾರಿಗೂ ಕಾಣುವುದಿಲ್ಲ, ಬೆಲೆಯಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ಅರ್ಧ, ಒಂದು, ಒಂದೂವರೆ ಅನ್ನುವ ದುಂಡು ಸಂಖ್ಯೆ ಮುಟ್ಟಿದ ಕೂಡಲೇ ಪ್ರತಿ ಕ್ಯಾರೆಟ್‌ನ ದರವೇ ಮೇಲಕ್ಕೆ ಜಿಗಿಯುತ್ತದೆ. ಆ ಸಂಖ್ಯೆ ಮುಟ್ಟಿಸಲೆಂದೇ ಕೆಲವು ಕಲ್ಲುಗಳ ತಳವನ್ನು ಬೇಕಂತಲೇ ದಪ್ಪ ಬಿಡುತ್ತಾರೆ. ತೂಕ ತಳದಲ್ಲಿ ಕೂತಿರುತ್ತದೆ, ದುಡ್ಡು ನೀವು ಕೊಡುತ್ತೀರಿ. ಅದಕ್ಕೇ ಕ್ಯಾರೆಟ್ ಜೊತೆ ಮಿಲಿಮೀಟರ್ ಕೂಡ ಕೇಳಿ.

ಈಗ ಚುಕ್ಕೆಯ ವಿಷಯ. ಕ್ಲಾರಿಟಿಯ, ಅಂದರೆ ಶುದ್ಧತೆಯ, ದರ್ಜೆ ಕೊಡುವುದು 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಿ. ನಿಮ್ಮ ಜೋಡಿಯ ಕೈ ಹಿಡಿದವರು ಯಾರೂ ಮಸೂರ ತಂದಿರುವುದಿಲ್ಲ, ಅಲ್ವಾ? ವಿಎಸ್2, ಅಂದರೆ ತೀರಾ ಸಣ್ಣ ಚುಕ್ಕೆಯ ದರ್ಜೆಯ ಕಲ್ಲಿನಲ್ಲಿ ಬರಿಗಣ್ಣಿಗೆ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎಸ್‌ಐ1ರಲ್ಲೂ ಎಷ್ಟೋ ಸಲ ಕಾಣುವುದಿಲ್ಲ. ದರ್ಜೆಗಿಂತ ಚುಕ್ಕೆ ಎಲ್ಲಿದೆ ಅನ್ನುವುದು ಮುಖ್ಯ: ನಟ್ಟನಡುವೆ ಕಪ್ಪಗೆ ಇದ್ದರೆ ಬೇಡ, ಅಂಚಿನಲ್ಲಿ ಬೆಳ್ಳಗೆ ಇದ್ದರೆ ಉಂಗುರದ ಕೊಕ್ಕೆಯ ಅಡಿಗೇ ಹೋಗಬಹುದು. ಆದರೆ ಅಂಚಿನವರೆಗೂ ಓಡಿರುವ ಬಿರುಕಾದರೆ ಹುಷಾರು. ವಜ್ರವನ್ನು ಗೀರುವುದು ಕಷ್ಟ, ಏಟು ಬಿದ್ದರೆ ಚಕ್ಕೆ ಏಳುವುದು ಅಷ್ಟು ಕಷ್ಟವಲ್ಲ. ಎಮರಾಲ್ಡ್ ಕಟ್, ಅಂದರೆ ಉದ್ದ ಚೌಕದ ಆಕಾರದ ಕಲ್ಲಾದರೆ ಮಾತ್ರ ಕ್ಲಾರಿಟಿಗೆ ಸ್ವಲ್ಪ ಜಾಸ್ತಿ ಖರ್ಚು ಮಾಡಿ, ಅದರ ಅಗಲವಾದ ಮುಖಗಳಲ್ಲಿ ಎಲ್ಲವೂ ಕಿಟಕಿಯಲ್ಲಿ ಕಂಡ ಹಾಗೆ ಕಾಣುತ್ತದೆ.

ಹಾಗಾಗಿ ನಿಮ್ಮ ಎರಡು ಕಲ್ಲುಗಳ ಕಟ್ ಒಂದೇ ಮಟ್ಟದ್ದಾಗಿದ್ದು, ಬಿರುಕೇನೂ ಇಲ್ಲದೆ, ಒಂದು ಗೇಣು ದೂರದಿಂದ ಚುಕ್ಕೆ ಕಾಣದಿದ್ದರೆ ದೊಡ್ಡದನ್ನೇ ತಗೊಳ್ಳಿ. ಚಿಕ್ಕದರ ಕಟ್ ದೊಡ್ಡದಕ್ಕಿಂತ ಚೆನ್ನಾಗಿದ್ದರೆ ಯೋಚನೆಯೇ ಬೇಡ, ಚಿಕ್ಕದು.

ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ದರ್ಜೆ ಬಣ್ಣವೇ ಇಲ್ಲದ ಡಿ ಇಂದ ಹಳದಿ ಛಾಯೆಯ ಜೆಡ್‌ವರೆಗೆ ಇದೆ. ಪ್ಲಾಟಿನಂ ಅಥವಾ ಬಿಳಿ ಚಿನ್ನಕ್ಕೆ ಜಿ, ಎಚ್ ಸಾಕು. ಹಳದಿ ಚಿನ್ನದಲ್ಲಿ ಕೂರಿಸುವುದಾದರೆ ಜೆ ಕೂಡ ಬೆಳ್ಳಗೇ ಕಾಣುತ್ತದೆ. ಪರೀಕ್ಷಿಸುವವರು ಕಲ್ಲನ್ನು ಬೋರಲು ಹಾಕಿ, ಮಾದರಿ ಕಲ್ಲುಗಳ ಪಕ್ಕ ಇಟ್ಟು ಬಣ್ಣ ನೋಡುತ್ತಾರೆ. ನೀವು ನೋಡುವುದು ಮೇಲಿನಿಂದ, ಅದೂ ಒಂದೇ ಕಲ್ಲನ್ನು.

ನೋಡುವಾಗ ಅಂಗಡಿಯ ದೀಪ ನಂಬಬೇಡಿ. ತಲೆಯ ಮೇಲೆ ಚುಕ್ಕಿ ಚುಕ್ಕಿ ದೀಪ ಹಾಕಿರುತ್ತಾರಲ್ಲ, ಅದರಡಿ ಸಾಧಾರಣ ಕಲ್ಲೂ ಕುಣಿಯುತ್ತದೆ. ಕಿಟಕಿ ಹತ್ತಿರ ಬಿಸಿಲಿಲ್ಲದ ಬೆಳಕಿಗೆ ಒಯ್ಯಿರಿ, ಮೇಜಿನ ಕೆಳಗಿನ ನೆರಳಲ್ಲೂ ಒಮ್ಮೆ ಹಿಡಿದು ನೋಡಿ. ಅಲ್ಲೂ ಜೀವಂತವಾಗಿ ಕಂಡರೆ ಕಟ್ ಒಳ್ಳೆಯದು. ನೋಡುವ ಮೊದಲು ಕಲ್ಲು ಒರೆಸಲು ಹೇಳಿ. ವಜ್ರಕ್ಕೆ ಜಿಡ್ಡು ಬೇಗ ಹತ್ತುತ್ತದೆ, ಒಂದು ಬೆರಳು ಮುಟ್ಟಿದರೂ ಮಂಕಾಗುತ್ತದೆ. ಮನೆಯಲ್ಲಿ ಬಳಸುವಾಗಲೂ ಅಷ್ಟೇ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬ್ರಷ್ ಇದ್ದರೆ ಆಯ್ತು.

ಕೊನೆಗೆ, ಈ ಎರಡರಲ್ಲಿ ಯಾವುದಾದರೂ ಲ್ಯಾಬ್‌ನಲ್ಲಿ ಬೆಳೆಸಿದ್ದಾ ಅಂತ ಕೇಳಿದ್ದೀರಾ? ಅದೂ ನಿಜವಾದ ವಜ್ರವೇ, ಅದೇ ಇಂಗಾಲ, ಅದೇ ಗಟ್ಟಿತನ. ಬರಿಗಣ್ಣಿಗಿರಲಿ, ಮಸೂರಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಬೆಲೆ ತುಂಬಾ ಕಡಿಮೆ, ಮರಳಿ ಮಾರಲು ಹೋದರೆ ಸಿಗುವುದು ಇನ್ನೂ ಕಡಿಮೆ. ಹಾಗಂತ ಗಣಿಯ ವಜ್ರ ಮಾರಿದರೂ ಕೊಟ್ಟಷ್ಟು ವಾಪಸ್ ಬರುವುದು ಅಪರೂಪ, ಹೂಡಿಕೆ ಅಂತ ಯಾವುದನ್ನೂ ತಗೊಳ್ಳಬೇಡಿ. ಲ್ಯಾಬ್‌ದು ತಗೊಳ್ಳುವುದು ತಪ್ಪಲ್ಲ, ಗೊತ್ತಿಲ್ಲದೆ ತಗೊಳ್ಳುವುದು ತಪ್ಪು. ರಿಪೋರ್ಟ್‌ನಲ್ಲಿ ಅದನ್ನು ಸ್ಪಷ್ಟವಾಗಿ ಬರೆದಿರುತ್ತಾರೆ. ಎಷ್ಟೋ ಕಲ್ಲುಗಳ ಅಂಚಿನಲ್ಲಿ ರಿಪೋರ್ಟ್ ನಂಬರನ್ನು ಲೇಸರ್‌ನಿಂದ ಕೊರೆದಿರುತ್ತಾರೆ. ದುಡ್ಡು ಕೊಡುವ ಮೊದಲು ಮಸೂರದಲ್ಲಿ ಆ ನಂಬರ್ ತೋರಿಸಲು ಹೇಳಿ, ಕೈಯಲ್ಲಿರುವ ಕಾಗದಕ್ಕೆ ಹೊಂದಿಸಿ ನೋಡಿ, ರಿಪೋರ್ಟ್ ಕೊಟ್ಟ ಸಂಸ್ಥೆಯ ಸೈಟ್‌ನಲ್ಲೂ ಅದೇ ನಂಬರ್ ಹಾಕಿ ತೂಕ, ಅಳತೆ ತಾಳೆ ಮಾಡಿ.