ಹಳೇ ರ‍್ಯಾಲಿ ಸೈಕಲ್ಲೂ ಅಡುಗೆಮನೆ ಎಣ್ಣೆಯೂ

ಹಳೇ ಸೈಕಲ್ ಮಾರುವವರ ಬಾಯಲ್ಲಿ ಒಂದು ಮಾತು ತಪ್ಪದೇ ಬರುತ್ತದೆ. "ಸಾರ್, ಇದು ಒರಿಜಿನಲ್ ಇಂಗ್ಲೆಂಡ್ ಮಾಲು." ಸಾಕ್ಷಿ ಕೇಳಿದರೆ ಹ್ಯಾಂಡಲ್ ಕೆಳಗಿನ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿನ ಸೈಕಲ್ ಕಂಪನಿಯಾದ ರ‍್ಯಾಲಿ ಬಿಲ್ಲೆ ತೋರಿಸುತ್ತಾರೆ. ಬಿಲ್ಲೆಯನ್ನು ನಂಬಬೇಡಿ. ಅದನ್ನು ಕಿತ್ತು ಇನ್ನೊಂದು ಸೈಕಲ್ಲಿಗೆ ಕೂರಿಸುವುದು ಏನೂ ಕಷ್ಟವಿಲ್ಲ. ಸಾಲದ್ದಕ್ಕೆ 1950ರ ದಶಕದಿಂದ ಪಶ್ಚಿಮ ಬಂಗಾಳದ ಅಸನ್ಸೋಲ್‌ನಲ್ಲೇ ಸೆನ್-ರ‍್ಯಾಲಿ ಕಾರ್ಖಾನೆ ಇತ್ತು. ಇಂಗ್ಲೆಂಡಿನದೇ ಇನ್ನೊಂದು ಹೆಸರು ಹರ್ಕ್ಯುಲಿಸ್ ಮದ್ರಾಸಿನ ಅಂಬತ್ತೂರಿನಲ್ಲಿ ತಯಾರಾಗುತ್ತಿತ್ತು. ಇವೆಲ್ಲ ಗಟ್ಟಿಮುಟ್ಟಾದ ಒಳ್ಳೆಯ ಸೈಕಲ್ಲುಗಳೇ. ಹಾಗಂತ ಅಸನ್ಸೋಲ್ ಸೈಕಲ್ಲಿಗೆ ನಾಟಿಂಗ್‌ಹ್ಯಾಮ್ ರೇಟು ಯಾಕೆ ಕೊಡಬೇಕು?

ಸೈಕಲ್ಲಿನ ಮೂಲ ಹುಡುಕಬೇಕಾದರೆ ಲೋಹವನ್ನೇ ಓದಬೇಕು. ಪೆಡಲ್ ಪಕ್ಕದ ದೊಡ್ಡ ಚಕ್ರದಲ್ಲಿ ಕೊಕ್ಕರೆ ತಲೆಯ ಆಕಾರ ಕೊರೆದಿದೆಯಾ ನೋಡಿ. ಅದು ರ‍್ಯಾಲಿ ಕಂಪನಿ ಕಟ್ಟಿದ ಫ್ರಾಂಕ್ ಬೌಡೆನ್ ಮನೆತನದ ಲಾಂಛನ. ಅಲ್ಲಿ ಒಂದರ ಮೇಲೊಂದು ಒರಗಿಸಿದ ಮೂರು ಬಂದೂಕು ಇದ್ದರೆ ಅದು ಬಿಎಸ್‌ಎ, ಬರ್ಮಿಂಗ್‌ಹ್ಯಾಮಿನ ಬಂದೂಕು ಕಂಪನಿ. ಆಮೇಲೆ ಪೆಡಲ್ ಅಚ್ಚು ಕೂರುವ ಕೊಳವೆಯ ಥ್ರೆಡ್ಡು. ಉಳಿದ ಇಂಗ್ಲಿಷ್ ಸೈಕಲ್ಲುಗಳಿಗೆ ಇಂಚಿಗೆ 24 ಸುತ್ತು. ರ‍್ಯಾಲಿ ಮಾತ್ರ ಹಟ ಹಿಡಿದು 26 ಸುತ್ತು ಇಟ್ಟುಕೊಂಡಿತ್ತು. ಬೇರೆ ಕಂಪನಿಯ ಬೇರಿಂಗ್ ಬಟ್ಟಲು ಅಲ್ಲಿ ಕೂರುವುದೇ ಇಲ್ಲ. ಇವೆಲ್ಲ ವಂಶ ಹೇಳುತ್ತವೆ, ವಯಸ್ಸು ಹೇಳುವುದಿಲ್ಲ.

ವಯಸ್ಸು ಹೇಳುವುದು ಹಿಂದಿನ ಚಕ್ರದ ನಟ್ಟನಡುವಿನ ಹಬ್ಬು. ನಿಮ್ಮ ಸೈಕಲ್ಲಿಗೆ ಒಳಗೇ ಮೂರು ಗೇರಿರುವ, ಸ್ಟರ್ಮಿ-ಆರ್ಚರ್ ಕಂಪನಿಯ ಹಬ್ ಇದ್ದರೆ ನಿಮ್ಮ ಅದೃಷ್ಟ. ಅದರ ಮೇಲೆ ಎ.ಡಬ್ಲ್ಯು. ಅನ್ನುವ ಎರಡು ಅಕ್ಷರ, ಜೊತೆಗೆ 55, ಆಮೇಲೆ 8 ಅಂತ ಒತ್ತಿದ್ದರೆ ಆ ಹಬ್ 1955ರ ಆಗಸ್ಟಿನಲ್ಲಿ ತಯಾರಾದದ್ದು. ಚಕ್ರ ಬದಲಾಗಿಲ್ಲದಿದ್ದರೆ ಸೈಕಲ್ಲೂ ಹೆಚ್ಚುಕಮ್ಮಿ ಆ ಕಾಲದ್ದೇ. ಈ ಗೇರಿನ ಹಿಂದೊಂದು ಅನ್ಯಾಯದ ಕಥೆಯೂ ಇದೆ. ಹೆಸರು ಹೆನ್ರಿ ಸ್ಟರ್ಮಿ, ಜೇಮ್ಸ್ ಆರ್ಚರ್ ಅವರದ್ದು. ಅದರ ಮುಖ್ಯ ಕಲ್ಪನೆ ವಿಲಿಯಂ ರೈಲಿ ಎಂಬ ಎಂಜಿನಿಯರ್‌ದು. ಹಳೆಯ ಒಪ್ಪಂದವೊಂದು ಅವರ ಕೈ ಕಟ್ಟಿದ್ದರಿಂದ ಪೇಟೆಂಟ್ ಆರ್ಚರ್ ಹೆಸರಿಗೆ ಹೋಯಿತು. ಸವಾರಿ ಮಾಡಿದವರೆಲ್ಲ ರೈಲಿಯ ತಲೆಯನ್ನು ತುಳಿದರು, ಹೆಸರು ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

ನಮ್ಮ ಕಡೆಯ ಹಳೇ ಸೈಕಲ್ಲುಗಳಲ್ಲಿ ಈ ಅಂಕಿ ಸುಲಭಕ್ಕೆ ಕಾಣಿಸುವುದಿಲ್ಲ. ಹಬ್ಬಿನ ಮೇಲೆ ಜೇನುಬಣ್ಣದ, ಗಟ್ಟಿಯಾದ ಒಂದು ಪದರ ಕೂತಿರುತ್ತದೆ. ಉಗುರಿಗೆ ಬರುವುದಿಲ್ಲ. ಸೀಮೆಎಣ್ಣೆ ಬಟ್ಟೆಗೂ ಬಗ್ಗುವುದಿಲ್ಲ. ಕೆರೆದರೆ ಸಣ್ಣ ಚಕ್ಕೆಗಳಾಗಿ ಏಳುತ್ತದೆ, ಅದರೊಳಗೆ ಧೂಳು, ಕೂದಲು ಎಲ್ಲ ಸಿಕ್ಕಿಕೊಂಡಿರುತ್ತವೆ. ಇದು ಗ್ರೀಸ್ ಅಂತ ಜನ ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಇದು ಹೆಚ್ಚಿನ ಸಲ ಅಡುಗೆಮನೆಯ ಎಣ್ಣೆ. ಚೈನು ಕಿರುಗುಟ್ಟಿದಾಗ ಒಗ್ಗರಣೆಗೆ ಇಟ್ಟಿದ್ದರಲ್ಲೇ ನಾಲ್ಕು ಹನಿ ಬಿಟ್ಟವರ ಕೆಲಸ. ಬಾಣಲೆಯ ಹೊರಮೈಗೆ, ಒಲೆಯ ಮೇಲಿನ ಫ್ಯಾನಿಗೆ ಅಂಟುವ ಜಿಡ್ಡು ಕೂಡ ಇದೇ.

ಎಣ್ಣೆ ಒಣಗಿತು ಅನ್ನುತ್ತೇವೆ. ನೀರು ಒಣಗಿದರೆ ಆವಿಯಾಗಿ ಹೋಗುತ್ತದೆ, ತೂಕ ಇಳಿಯುತ್ತದೆ. ಅಗಸೆ ಎಣ್ಣೆ ಒಣಗುವಾಗ ತೂಕ ಜಾಸ್ತಿಯಾಗುತ್ತದೆ! ಯಾಕೆಂದರೆ ಅದು ಗಾಳಿಯ ಆಮ್ಲಜನಕವನ್ನು ಒಳಗೆ ಎಳೆದುಕೊಳ್ಳುತ್ತಿದೆ. ರಸಾಯನಶಾಸ್ತ್ರದಲ್ಲಿ ನನಗೆ ಇಷ್ಟು ಖುಷಿ ಕೊಟ್ಟ ಸಂಗತಿ ಕಡಿಮೆ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಡುಗೆ ಎಣ್ಣೆಯ ಅಣುವಿನಲ್ಲಿ ಮೂರು ಉದ್ದನೆಯ ಇಂಗಾಲದ ಬಾಲಗಳಿರುತ್ತವೆ. ಬಾಲದಲ್ಲಿ ಅಲ್ಲಲ್ಲಿ ಎರಡು ಇಂಗಾಲಗಳ ನಡುವೆ ಜೋಡಿ ಬಂಧ. ಒಂದು ಬಾಲದಲ್ಲಿ ಇಂಥ ಎರಡು ಬಂಧ ಹತ್ತಿರ ಹತ್ತಿರ ಬಂದು, ಮಧ್ಯೆ ಒಂದೇ ಇಂಗಾಲ ಉಳಿದರೆ ಅಲ್ಲಿಂದ ಶುರು ಗಲಾಟೆ. ಆ ಇಂಗಾಲದ ಹೈಡ್ರೋಜನ್ ಹಿಡಿತ ತೀರಾ ಸಡಿಲ. ಅದು ಕಳಚಿದ ಜಾಗಕ್ಕೆ ಆಮ್ಲಜನಕ ಬಂದು ಕೂರುತ್ತದೆ. ಹಾಗೆ ಕೂತ ಆಮ್ಲಜನಕ ಪಕ್ಕದ ಅಣುವಿನ ಹೈಡ್ರೋಜನ್ನನ್ನು ಕಿತ್ತುಕೊಳ್ಳುತ್ತದೆ. ಈಗ ಆ ಪಕ್ಕದ್ದರಲ್ಲೂ ಜಾಗ ಖಾಲಿ, ಅಲ್ಲಿಗೂ ಆಮ್ಲಜನಕ. ಹೀಗೇ ಸಾಗಿ ಕೊನೆಗೆ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಮೀನಿನ ಬಲೆಯ ಹಾಗೆ ಹೆಣೆದುಕೊಳ್ಳುತ್ತವೆ. ಬಿಡಿಬಿಡಿಯಾಗಿ ಜಾರುತ್ತಿದ್ದ ಅಣುಗಳು ಈಗ ಕದಲಲಾರವು. ಕಬ್ಬಿಣ, ತಾಮ್ರ ಇದನ್ನು ಇನ್ನೂ ಬೇಗ ಮಾಡಿಸುತ್ತವೆ. ಸೈಕಲ್ ಬೇರಿಂಗಿನಲ್ಲಿ ಸವೆದ ಕಬ್ಬಿಣದ ಪುಡಿಗೆ ಬರವೇ?

ಒಂದು ಎಣ್ಣೆಯಲ್ಲಿ ಒಟ್ಟು ಎಷ್ಟು ಜೋಡಿ ಬಂಧಗಳಿವೆ ಎಂದು ಅಳೆಯಲು ಅಯೋಡಿನ್ ಸಂಖ್ಯೆ ಇದೆ. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹಿಡಿದುಕೊಳ್ಳುತ್ತದೆ ಅನ್ನುವ ಲೆಕ್ಕ. ಅಗಸೆ ಎಣ್ಣೆಗೆ 170ಕ್ಕಿಂತ ಮೇಲೆ. ಕ್ರಿಕೆಟ್ ಬ್ಯಾಟಿಗೆ ಅದನ್ನೇ ಹಚ್ಚುವುದು, ಒಣಗಲಿ ಅಂತಲೇ. ಸೂರ್ಯಕಾಂತಿಗೆ ಸುಮಾರು 130, ಕಡಲೆಕಾಯಿ ಎಣ್ಣೆಗೆ 90ರ ಆಸುಪಾಸು. ಕೊಬ್ಬರಿ ಎಣ್ಣೆಗೆ 10ಕ್ಕಿಂತ ಕಡಿಮೆ. ಹಾಗಾದರೆ ಕೊಬ್ಬರಿ ಎಣ್ಣೆ ಹಾಕಬಹುದಲ್ವಾ ಅಂತ ಕೇಳುತ್ತೀರಿ. ಬೇಡ. ಅದು 24 ಡಿಗ್ರಿ ಸುತ್ತಮುತ್ತಲೇ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಆಗುವುದೇ ಹಬ್ಬಿನೊಳಗೂ ಆಗುತ್ತದೆ. ಜೊತೆಗೆ ಹಳತಾದ ಎಣ್ಣೆಯಲ್ಲಿ ಹುಳಿ ಹುಟ್ಟಿ ಲೋಹವನ್ನು ತಿನ್ನುತ್ತದೆ. ಹಿತ್ತಾಳೆ ದೀಪದ ಸಂದಿಯಲ್ಲಿ ಹಸಿರು ಕಟ್ಟುವುದು ಅದೇ.

ಹರಳೆಣ್ಣೆಯದ್ದು ಬೇರೆಯೇ ದಾರಿ. ಅದರ ಅಯೋಡಿನ್ ಸಂಖ್ಯೆ ಕಡಲೆಕಾಯಿ ಎಣ್ಣೆಗೆ ಹತ್ತಿರವೇ. ಆದರೆ ಅದರ ಹೆಚ್ಚಿನ ಬಾಲಗಳಲ್ಲಿ ಜೋಡಿ ಬಂಧ ಒಂದೇ. ಆ ಸಡಿಲ ಇಂಗಾಲ ಹೆಚ್ಚು ಸಿಗುವುದಿಲ್ಲ, ಹಾಗಾಗಿ ಸುಲಭಕ್ಕೆ ಒಣಗುವುದಿಲ್ಲ. ಉಳಿದ ಅಡುಗೆ ಎಣ್ಣೆಗಳಿಗಿಂತ ಸುಮಾರು ಹತ್ತು ಪಟ್ಟು ಮಂದ, ಲೋಹಕ್ಕೆ ಗಟ್ಟಿಯಾಗಿ ಅಂಟುತ್ತದೆ. ಎತ್ತಿನ ಗಾಡಿಯ ಕೀಲೆಣ್ಣೆಗೆ ನಮ್ಮವರು ಅದನ್ನು ಬಳಸಿದ್ದು ಸುಮ್ನೆ ಅಲ್ಲ. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳ ಎಂಜಿನ್ನಿಗೂ ಹರಳೆಣ್ಣೆಯೇ ಹಾಕುತ್ತಿದ್ದರು. ಗಾಡಿಯ ಕೀಲಿಗೆ ಸರಿಯಾದದ್ದು ಗೇರ್ ಹಬ್ಬಿನ ಪುಟ್ಟ ಸ್ಪ್ರಿಂಗುಗಳಿಗೆ ತೀರಾ ಮಂದವಾಗುತ್ತದೆ, ಅಷ್ಟೇ.

ಹೊಲಿಗೆ ಮಿಷನ್ ಎಣ್ಣೆ ಇವುಗಳ ಹಾಗಲ್ಲ, ನೆಲದಡಿಯ ಕಚ್ಚಾ ತೈಲದಿಂದ ಬಂದದ್ದು. ಅದರಲ್ಲಿ ಈ ಜೋಡಿ ಬಂಧಗಳ ತಂಟೆ ಹೆಚ್ಚುಕಡಿಮೆ ಇಲ್ಲ, ಆದ್ದರಿಂದ ಬಲೆ ಹೆಣೆಯುವುದಿಲ್ಲ. 1894ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಜಾರ್ಜ್ ಕೋಲ್ ತಂದ 'ತ್ರೀ ಇನ್ ಒನ್' ಎಣ್ಣೆ ಹುಟ್ಟಿದ್ದೇ ಸೈಕಲ್ಲಿಗಾಗಿ. ತೊಳೆಯುವುದು, ಜಾರಿಸುವುದು, ತುಕ್ಕು ತಡೆಯುವುದು, ಮೂರೂ ಒಂದರಲ್ಲಿ. 1953ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಬಂದ ಡಬ್ಲ್ಯುಡಿ-40 ಎಂಬ ದ್ರವದ ಉದ್ದೇಶ ಬೇರೆ. ನೀರನ್ನು ಓಡಿಸಲಿ ಅಂತ ಮಾಡಿದ್ದು, ನಲವತ್ತನೇ ಪ್ರಯತ್ನದಲ್ಲಿ ಕೈಗೂಡಿದ್ದು. ಅಮೆರಿಕದ ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಂತೆ ಬಳಿದರು. ಆಯುಧಪೂಜೆಗೆ ಬಕೆಟ್ಟುಗಟ್ಟಲೆ ನೀರು ಸುರಿದು ಸೈಕಲ್ ತೊಳೆದ ಮೇಲೆ ಅದನ್ನು ಹೊಡೆಯಿರಿ, ಸಂದಿಯ ನೀರು ಹೊರಬರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಆರಿಹೋಗುವ ದ್ರಾವಕ. ಅದನ್ನೇ ಎಣ್ಣೆ ಅಂದುಕೊಂಡು ಅಲ್ಲಿಗೇ ನಿಲ್ಲಿಸಿದರೆ ಚೈನು ಮತ್ತೆ ಕಿರುಗುಟ್ಟುತ್ತದೆ. ಆರಿದ ಮೇಲೆ ನಿಜವಾದ ಎಣ್ಣೆ ಹಾಕಲೇಬೇಕು.

ಹಬ್ಬಿನ ಮೇಲಿನ ಆ ಹಳೇ ಪದರ ತೆಗೆಯಲು ಬಿಸಿನೀರು, ವಾಷಿಂಗ್ ಸೋಡಾ, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಸೋಡಾ ಆ ಬಲೆಯನ್ನು ಮೆಲ್ಲಗೆ ಸಾಬೂನು ಮಾಡುತ್ತದೆ. ಅಲ್ಯುಮಿನಿಯಂ ಭಾಗಗಳಿಗೂ ಬಣ್ಣಕ್ಕೂ ತಾಗಿಸಬೇಡಿ. ಉಪ್ಪುಕಾಗದವನ್ನಂತೂ ಮುಟ್ಟಲೇಬೇಡಿ, ಅಂಕಿಯೇ ಅಳಿಸಿಹೋಗುತ್ತದೆ.

ಚೈನಿಗೆ ಎಣ್ಣೆ ಬೇಕಾದದ್ದು ಹೊರಗೆ ಹೊಳೆಯಲಿಕ್ಕಲ್ಲ. ಪ್ರತಿ ಕೊಂಡಿಯೊಳಗೆ ಪಿನ್ನೂ ಅದರ ಸುತ್ತಲಿನ ಬುಷ್ಷೂ ಉಜ್ಜಿಕೊಳ್ಳುವಲ್ಲಿ. ಒಂದೊಂದು ರೋಲರಿಗೆ ಒಂದೊಂದು ಹನಿ ಬಿಡಿ, ಪೆಡಲ್ ಹಿಂದಕ್ಕೆ ತಿರುಗಿಸಿ, ಹೊರಗಿನದ್ದನ್ನು ಬಟ್ಟೆಯಲ್ಲಿ ಒರೆಸಿಬಿಡಿ. ಹೊರಗೆ ಉಳಿದ ಎಣ್ಣೆ ಬರೀ ಧೂಳನ್ನು ಕರೆಯುತ್ತದೆ. ಆಮೇಲೆ ಸ್ಕೇಲ್ ಹಿಡಿದು ಪಿನ್ನಿಂದ ಪಿನ್ನಿಗೆ 24 ಕೊಂಡಿ ಅಳೆಯಿರಿ. ಹೊಸ ಚೈನಿನಲ್ಲಿ ಅದು ಸರಿಯಾಗಿ 12 ಇಂಚು. 12⅛ ಇಂಚು ತಲುಪಿದ್ದರೆ ಯಾವ ಎಣ್ಣೆಯೂ ಅದನ್ನು ಉಳಿಸುವುದಿಲ್ಲ. ಫ್ರೀವೀಲಿನ ಹಲ್ಲುಗಳನ್ನು ಇನ್ನಷ್ಟು ಸವೆಸುವ ಮೊದಲು ಚೈನು ಬದಲಿಸಿ.