ಕಲನಶಾಸ್ತ್ರಕ್ಕೆ ಮುನ್ನ ಬೀಜಗಣಿತದ ಪುನರಾವರ್ತನೆ

ಪ್ರಥಮ ಪಿಯುಸಿಯಲ್ಲಿ ಮಿತಿ (ಎಕ್ಸ್ ಒಂದು ಬೆಲೆಯನ್ನು ಸಮೀಪಿಸಿದಂತೆ ಒಂದು ರಾಶಿ ಸಮೀಪಿಸುವ ಬೆಲೆ) ಮತ್ತು ಅವಕಲನದ (ಆ ರಾಶಿ ಬದಲಾಗುವ ದರವನ್ನು ಕಂಡುಹಿಡಿಯುವುದು) ಪಾಠ ಆರಂಭವಾದಾಗ ವಿದ್ಯಾರ್ಥಿಗಳಿಗೆ ತೊಡಕಾಗುವುದು ಹೆಚ್ಚಾಗಿ ಮಿತಿಯ ಕಲ್ಪನೆಯಲ್ಲ, ಅದಕ್ಕೆ ಮೊದಲು ಮಾಡಬೇಕಾದ ಬೀಜಗಣಿತ. ಆದ್ದರಿಂದ ಸಮಯ ಕಡಿಮೆಯಿದ್ದರೆ ಅದರ ಹೆಚ್ಚಿನ ಪಾಲನ್ನು ಅಪವರ್ತನಕ್ಕೂ ಭಿನ್ನರಾಶಿಗಳಿಗೂ ಮೀಸಲಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಎಕ್ಸ್ ಸೊನ್ನೆಯನ್ನು ಸಮೀಪಿಸುವಾಗ (√(ಎಕ್ಸ್ + 4) − 2) / ಎಕ್ಸ್ ಎಂಬುದರ ಮಿತಿಯನ್ನು ಕಂಡುಹಿಡಿಯಬೇಕಾಗಿದೆ ಎಂದುಕೊಳ್ಳೋಣ. ನೇರವಾಗಿ ಸೊನ್ನೆಯನ್ನು ಆದೇಶಿಸಿದರೆ 0/0 ಬರುತ್ತದೆ. ಅದು ಉತ್ತರವಲ್ಲ, ಲೆಕ್ಕವನ್ನು ಇನ್ನೂ ಸುಲಭ ರೂಪಕ್ಕೆ ತರಬೇಕೆಂಬ ಸೂಚನೆ. ಅಂಶ ಮತ್ತು ಛೇದಗಳೆರಡನ್ನೂ √(ಎಕ್ಸ್ + 4) + 2 ರಿಂದ ಗುಣಿಸಿದಾಗ, (ಎ + ಬಿ)(ಎ − ಬಿ) = ಎ² − ಬಿ² ಎಂಬ ನಿತ್ಯಸಮೀಕರಣದಂತೆ ಅಂಶವು ಎಕ್ಸ್ + 4 − 4, ಅಂದರೆ ಬರೀ ಎಕ್ಸ್ ಆಗುತ್ತದೆ. ಮಿತಿಯಲ್ಲಿ ಎಕ್ಸ್ ಸೊನ್ನೆಯ ಹತ್ತಿರ ಹೋಗುತ್ತದೆಯೇ ಹೊರತು ಸೊನ್ನೆಯಾಗುವುದಿಲ್ಲವಾದ್ದರಿಂದ ಅದನ್ನು ಛೇದದ ಎಕ್ಸ್‌ನೊಂದಿಗೆ ಹೊಡೆದುಹಾಕಬಹುದು. ಉಳಿಯುವುದು 1/(√(ಎಕ್ಸ್ + 4) + 2). ಈಗ ಸೊನ್ನೆಯನ್ನು ಆದೇಶಿಸಿದರೆ ಉತ್ತರ 1/4. ಹೈಸ್ಕೂಲಿನಲ್ಲಿ ಛೇದದ ಕರಣಿಯನ್ನು ಹೋಗಲಾಡಿಸಲು ಮಾಡುತ್ತಿದ್ದ ಅಕರಣೀಕರಣವೇ ಇಲ್ಲಿ ಅಂಶಕ್ಕೆ ಬಳಕೆಯಾಗಿದೆ.

ಹೊಡೆದುಹಾಕುವುದು ಇಡೀ ಅಂಶಕ್ಕೂ ಇಡೀ ಛೇದಕ್ಕೂ ಸಾಮಾನ್ಯವಾದ ಅಪವರ್ತನವನ್ನು ಮಾತ್ರ. (ಎಕ್ಸ್ + 4)/ಎಕ್ಸ್ ಎಂಬಲ್ಲಿ ಎಕ್ಸ್ ತೆಗೆದು 4 ಎಂದು ಬರೆಯುವಂತಿಲ್ಲ. ಸಂದೇಹವಿದ್ದರೆ ಎಕ್ಸ್‌ಗೆ 2 ಬೆಲೆ ಕೊಟ್ಟು ನೋಡಿ, 3 ಬರುತ್ತದೆ.

ಫಲನದ ಸಂಕೇತವನ್ನೂ ಸರಿಯಾಗಿ ಓದಲು ಬರಬೇಕು. ಎಫ್(ಎಕ್ಸ್) = ಎಕ್ಸ್² ಆದರೆ ಎಫ್(3 + ಎಚ್) ಎಂದರೆ 9 + ಎಚ್² ಅಲ್ಲ, 9 + 6ಎಚ್ + ಎಚ್². ಇದರಿಂದ ಎಫ್(3), ಅಂದರೆ 9, ಕಳೆದು ಎಚ್‌ನಿಂದ ಭಾಗಿಸಿದರೆ 6 + ಎಚ್. ಎಚ್ ಸೊನ್ನೆಯತ್ತ ಸಾಗಿದಾಗ ಸಿಗುವ 6 ಎಂಬುದೇ ಎಕ್ಸ್ = 3 ಇರುವ ಬಿಂದುವಿನಲ್ಲಿ ವಕ್ರರೇಖೆಯನ್ನು ಮುಟ್ಟಿ ಹೋಗುವ ಸ್ಪರ್ಶಕದ ಇಳಿಜಾರು. ನಡುವಿನ 6ಎಚ್ ಬಿಟ್ಟುಹೋದರೆ ಉತ್ತರ ಸೊನ್ನೆಯಾಗಿ, ಇಡೀ ಲೆಕ್ಕವೇ ಕೆಡುತ್ತದೆ.

ಘಾತಾಂಕಗಳ ವಿಷಯದಲ್ಲಿ √ಎಕ್ಸ್ ಅನ್ನು ಎಕ್ಸ್‌ನ 1/2 ಘಾತವೆಂದೂ 1/ಎಕ್ಸ್³ ಅನ್ನು −3 ಘಾತವೆಂದೂ ತಡವರಿಸದೆ ಬರೆಯಲು ಬಂದರೆ ಆರಂಭಕ್ಕೆ ಸಾಕು.

ತ್ರಿಕೋನಮಿತಿಯಲ್ಲಿ ಡಿಗ್ರಿಯಿಂದ ರೇಡಿಯನ್‌ಗೆ (180 ಡಿಗ್ರಿಯನ್ನು π ಎಂದು ಎಣಿಸುವ ಕೋನದ ಅಳತೆಗೆ) ಬದಲಾಗುವುದು ಏಕೆಂದು ಅನೇಕರು ಕೇಳುತ್ತಾರೆ. ಕೋನವನ್ನು ರೇಡಿಯನ್‌ನಲ್ಲಿ ಅಳೆದಾಗ ಮಾತ್ರ, ಎಕ್ಸ್ ಸೊನ್ನೆಯನ್ನು ಸಮೀಪಿಸಿದಂತೆ (ಸೈನ್ ಎಕ್ಸ್)/ಎಕ್ಸ್ ಎಂಬುದು 1 ಅನ್ನು ಸಮೀಪಿಸುತ್ತದೆ. ಡಿಗ್ರಿಯಲ್ಲಿ ಅದು π/180 ಆಗುತ್ತದೆ. ಸೈನ್‌ನ ಅವಕಲನವು ಯಾವ ಹೆಚ್ಚುವರಿ ಗುಣಕವೂ ಇಲ್ಲದೆ ಕೊಸೈನ್ ಆಗುವುದು ಈ 1ರಿಂದಲೇ. ಲೆಕ್ಕಕ್ಕೆ ಕೂರುವ ಮೊದಲು ಕ್ಯಾಲ್ಕುಲೇಟರಿನಲ್ಲಿ ಸೈನ್ 1 ಒತ್ತಿ ನೋಡಿ: 0.8415 ಬಂದರೆ ಅದು ರೇಡಿಯನ್‌ನಲ್ಲಿದೆ, 0.01745 ಬಂದರೆ ಇನ್ನೂ ಡಿಗ್ರಿಯಲ್ಲಿದೆ.